ಚರ್ಚಿನ ಕಾಫಿ ಹಂಡೆ

ಅತ್ತೆ,

ಲೀಫ್‌ನ ಮಣ್ಣಿಗೆ ಬಂದವರೆಲ್ಲ ಹೋದರು. ಇಂದಿನಿಂದ ನನಗೆ ಕೆಲಸವಿದೆ. ಆಲೂಗಡ್ಡೆ ಪಲ್ಯ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಿ.

ದಿನಕ್ಕೆ ಆರೇಳು ಸಲ ಮೂತ್ರಕ್ಕೆ ಹೋಗುವುದು ಸಹಜ. ನೀವು ಗಂಟೆಗೊಮ್ಮೆ ಏಳುತ್ತಿದ್ದೀರಿ. ಕೇಳಿದರೆ, "ಅಯ್ಯೋ ಬಿಡೇ, ಕಾಫಿ ಜಾಸ್ತಿ ಆಯ್ತು ಅಷ್ಟೇ" ಅನ್ನುತ್ತೀರಿ. ಸಕ್ಕರೆ ಕಾಯಿಲೆ ಒಳಗೇ ಏರುತ್ತಿದ್ದಾಗ ನಿಮ್ಮ ಮಗ ಲೀಫ್ ಕೂಡ ಇದನ್ನೇ ಹೇಳುತ್ತಿದ್ದ. ನಾವಿಬ್ಬರೂ ನಂಬಿದೆವು.

ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ. ಡಾಕ್ಟರ ಬಳಿ ಹೋಗೋಣವೆಂದರೆ ಎರಡು ಸಲ ಬೇಡ ಎಂದಿರಿ. ನಮ್ಮ ಮಿನೆಸೋಟದಲ್ಲಿ ಕೇಕು ಕೊಟ್ಟರೂ ಎರಡು ಸಲ ಬೇಡವೆಂದು ಮೂರನೆಯದಕ್ಕೆ ಒಪ್ಪುವುದಲ್ಲವೇ ಮರ್ಯಾದೆ? ಇದು ಮೂರನೆಯ ಸಲ. ಮಧ್ಯಾಹ್ನ ಬರುತ್ತೇನೆ, ಬೂಟು ಹಾಕಿಕೊಂಡಿರಿ.

ಕಾಫಿ ಹಂಡೆ ಹುಡುಕಬೇಡಿ. ಮೀನು ಹಿಡಿಯುವ ಗೆಳೆಯರಿಗೆಂದು ಲೀಫ್ ಚರ್ಚಿನಿಂದ ಕೇಳಿ ತಂದಿದ್ದ; ದಾರಿಯಲ್ಲಿ ಹಿಂದಿರುಗಿಸುತ್ತೇನೆ. ಇನ್ನು ಅದರ ಮೇಲೆ ತಪ್ಪು ಹೊರಿಸಲಾಗದು.

ಮಾರೆನ್