ರೊಟ್ಟಿ ಬಡಿಯೂ ತಾಳ

ಜೇವರ್ಗಿ
ಮಂಗಳವಾರ

ಅವ್ವ,

ನಿನ್ನ ಜಗದೇವನ ಶರಣಾರ್ಥಿ. ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಬರಿಯಾಕತ್ತೇನಿ.

ನಮ್ಮ ರಾಕ್ ಬ್ಯಾಂಡಿನವರು ಒಬ್ಬೊಬ್ಬರೇ ಬಿಟ್ಟುಹೋದ ಮ್ಯಾಲೆ ಗಿಟಾರ್ ಗ್ವಾಡಿಗೆ ತೂಗುಹಾಕೇನಿ. ಈಗ ಕಂಪ್ಯೂಟರ್‌ನ್ಯಾಗ ಒಬ್ಬನೇ ಹಾಡು ಕಟ್ತೇನಿ. ಡ್ರಮ್ಮಿನ ಬದಲಿ ನೀ ರೊಟ್ಟಿ ಬಡಿಯೂ ಸಪ್ಪಳ ಇಟ್ಟೇನಿ. ಅದನ್ನ ನಿಧಾನ ಮಾಡಿ ಕಿವಿಗೆ ಹಚ್ಚಿಕೊಂಡ್ರ, ಭೀಮಾ ನದಿ ಮ್ಯಾಲೆ ಯಾರೋ ಹಗೂರಕ ನಡದು ಬಂದಂಗ ಆಗ್ತದ. ಕುಂತಲ್ಲೇ ತೇಲಿಕೋತ ನಿಂಬರ್ಗಾದ ನಮ್ಮ ಒಲಿ ಮುಂದ ಬಂದಿರ್ತೇನಿ.

ಆದ್ರ ಹೋದ ತಿಂಗಳು ಊರಿಗೆ ಬಂದು ಮೈಕಿನ್ಯಾಗ ತುಂಬಿಕೊಂಡು ಹೋದ ಸಪ್ಪಳದಾಗ ಏನೋ ಕಮ್ಮಿ ಅನಸ್ತು. ಮೈಕ್ ಕೆಟ್ಟದಂತ ರಿಪೇರಿಗೆ ಒಯ್ದೆ. ಅಂಗಡಿಯವ ಏನೂ ಆಗಿಲ್ಲ ಅಂದ. ಆಮ್ಯಾಲೆ ಅಪ್ಪ ಇದ್ದಾಗ ಮಾಡಿದ ಹಳೇ ರೆಕಾರ್ಡಿಂಗ್ ಹುಡುಕಿ ಕೇಳಿದೆ. ಅದರಾಗ ಪ್ರತಿ ಪೆಟ್ಟಿನ ಹಿಂದ ನಿನ್ನ ಕೈಯಾಗಿನ ಬಳಿ ಗಲ್ ಅಂತಿದ್ವು.

ಆ ಗಲ್ ಅನ್ನೂದನ್ನ ಕತ್ತರಿಸಿ ಹೊಸದಕ್ಕ ಅಂಟಸಬಹುದು. ಕಂಪ್ಯೂಟರ್‌ಗೆ ಅದೇನು ದೊಡ್ಡ ಕೆಲಸಲ್ಲ. ನನಗ ಮನಸಾಗವಲ್ದು.

ಬರೂ ಐತವಾರ ಬಿಟ್ಟು ಮುಂದಿನ ಐತವಾರ ಬರ್ತೇನಿ. ಜ್ವಾಳ ಬೀಸಿಸಿ ಇಡು. ಬಳಿ ಅಂಗಡಿಯವ ಅಳತಿ ಕೇಳಾಕತ್ತಾನ, ನಿನ್ನ ಕೈ ಈಗ ಭಾಳ ಸಣ್ಣ ಆಗ್ಯಾವ. ಒಂದು ದಾರ ಕೈಗೆ ಸುತ್ತಿ, ಅಷ್ಟು ಕತ್ತರಿಸಿ ಕವರಿನ್ಯಾಗ ಹಾಕಿ ಕಳಸು. ಹಸರು ಬಳಿ ತರ್ತೇನಿ.

ದ್ರೌಪದಿ ಅತ್ತಿ ಏನರ ಅಂದ್ರ, ಮಗನ ಹಾಡಿಗೆ ಬೇಕಾಗ್ಯಾವ, ಹಾಡು ಮುಗಿಯೂ ತನಕ ಹಾಕ್ಕೋತೇನಿ ಅನ್ನು.

ಇದು ಲಗೂನ ಮುಗಿಯೂ ಹಾಡಲ್ಲ, ಅವ್ವ.

ನಿನ್ನ
ಜಗದೇವ