ಎಣಿಕೆಗೆ ಬಂದ ಸೋಮವಾರ

ಗದಗ ಗಾಳಿಸಾಲು
ಫೆಬ್ರವರಿ 30, 2187

ನನಗಿಂತ ಮೊದಲು ದುಡಿದವರೇ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ತಾರೀಖು ತಪ್ಪಿಲ್ಲ. ಇನ್ನಷ್ಟು ದುಡಿಸಿಕೊಳ್ಳಲೆಂದು ಇಲ್ಲಿ ಫೆಬ್ರವರಿಗೆ ಎರಡು ದಿನ ಸೇರಿಸಿದ್ದಾರೆ. ಬಾಗಿಲುಗಡುವಿಗೆ ಮಾತ್ರ ಒಂದನ್ನೂ ಸೇರಿಸಲಿಲ್ಲ. ಅನ್ಯಾಯವಾಗಿ ಕೆಲಸದಿಂದ ತೆಗೆದರೆ ದೂರು ಕೊಡಲು ನಮಗಿರುವ ಅವಧಿಗೆ ಆ ಹೆಸರು. ಮೂರು ದಿನ. ಆಮೇಲೆ ದೂರುಕಟ್ಟೆಯ ಬಾಗಿಲು ನಮಗೆ ತೆರೆಯುವುದಿಲ್ಲ.

ನಿಮ್ಮ ಕಾಲದ ಕರಪತ್ರವೊಂದು ನನ್ನ ಬಳಿ ಇದೆ. ಅದರಲ್ಲಿ ಗಡುವನ್ನು ವರ್ಷಗಳಲ್ಲಿ ಹೇಳಿದೆ. ವರ್ಷಗಳಲ್ಲಿ! ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ನೀವು ಅತ್ತು ಮುಗಿಸಬಹುದಿತ್ತು, ತವರಿಗೆ ಹೋಗಿ ನಿದ್ದೆ ಮಾಡಿ ಬರಬಹುದಿತ್ತು, ಆಮೇಲೂ ಬಾಗಿಲು ತೆರೆದೇ ಇರುತ್ತಿತ್ತು.

ನನ್ನ ಚಿಕ್ಕಮ್ಮ ನೀಲಗಂಗವ್ವ ಇಪ್ಪತ್ತೆರಡು ವರ್ಷ ಗಾಳಿಯಂತ್ರಗಳ ರೆಕ್ಕೆ ದುರಸ್ತಿ ಮಾಡಿದವಳು. ಬೇರೆ ಕೆಲಸ ಅವಳಿಗೆ ಗೊತ್ತಿಲ್ಲ. ಬಿರುಕು ಬಿಟ್ಟ ರೆಕ್ಕೆಯೊಂದಕ್ಕೆ ‘ಸರಿಯಿದೆ’ ಎಂದು ಸಹಿ ಹಾಕಲಿಲ್ಲವೆಂದು ಸೋಮವಾರ ಬೆಳಿಗ್ಗೆ ಅವಳನ್ನು ತೆಗೆದರು. ನಮ್ಮಲ್ಲಿ ಕೆಲಸ ಹೋದವರನ್ನು ಜೊತೆಗಾರರು ಮೂರು ದಿನ ಮನೆಮನೆಗೆ ಕರೆದು ಉಣಿಸುತ್ತಾರೆ. ಒಲ್ಲೆನೆಂದರೆ ಕರೆದವರಿಗೆ ಅವಮಾನ. ನಾನು ಅರ್ಜಿ ಬರೆದುಕೊಂಡು ಅವಳ ಹಿಂದೆ ತಿರುಗಿದೆ.

“ಕರದವರ ಮನಿಗೆ ಹೋಗಲಿಲ್ಲಂದ್ರ ಏನಂದಾರವ್ವ? ನಿನ್ನ ಅರ್ಜಿಗೇನು ಕಾಲು ಬಂದಾವೇನ?” ಎಂದಳು.

ನಾನೂ ಒಪ್ಪಿದೆ. ವಜಾ ಆದ ದಿನವನ್ನು ಬಿಟ್ಟು ಎಣಿಸಬೇಕೆಂದು ನಿಮ್ಮ ಕರಪತ್ರದಲ್ಲಿತ್ತಲ್ಲ! ಗುರುವಾರ ಹೋದರೆ ಸಾಕೆಂದುಕೊಂಡೆ. ಬುಧವಾರ ನಮ್ಮ ಮನೆಯ ಸರದಿ. ಹೋಳಿಗೆ ನಾನೇ ಬಡಿಸಿದೆ.

ಗುರುವಾರ ಕಟ್ಟೆಯ ಗುಮಾಸ್ತ ಅರ್ಜಿ ಮುಟ್ಟಲೂ ಇಲ್ಲ. ಇಲ್ಲಿ ಸೋಮವಾರವೂ ಎಣಿಕೆಗೆ ಬರುತ್ತದಂತೆ. “ಮೂರೂ ದಿನ ಊಟ ಚಲೋ ಇತ್ತೇನವ್ವ?” ಎಂದು ನಕ್ಕ. ಚಿಕ್ಕಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಆ ಬಿರುಕಿನ ರೆಕ್ಕೆ ಈಗ ನಮ್ಮ ಬೀದಿಯ ಮೇಲೆಯೇ ತಿರುಗುತ್ತಿದೆ.

ನಿಮ್ಮಲ್ಲಿ ಯಾರೋ ಒಬ್ಬರು ವಜಾ ಆದೇಶವನ್ನು ಸೀರೆಯ ಮಡಿಕೆಯೊಳಗಿಟ್ಟು ‘ನೋಡೋಣ’ ಎನ್ನುತ್ತಿರಬಹುದು. ನನಗೆ ಸಿಗದ ದಿನಗಳನ್ನು ನೀವು ಹಾಗೆ ಚೆಲ್ಲುವುದನ್ನು ನಾನು ಸಹಿಸಲಾರೆ. ಇವತ್ತೇ ಹೋಗಿ. ದಾರಿಯಲ್ಲಿ ಯಾರಾದರೂ ಊಟಕ್ಕೆ ಕರೆದರೆ, ಅರ್ಜಿ ಕೊಟ್ಟು ಬಂದು ಉಣ್ಣುತ್ತೇನೆ ಎನ್ನಿ.

ಹೊಟ್ಟೆಕಿಚ್ಚಿನಿಂದ,
ದಾಕ್ಷಾಯಣಿ