ಖಾಲಿ ಡಬ್ಬಿ

ಮಾರ್ಚ್ ೩

ಇವತ್ತೂ ಸುಟ್ಟ ಹಾಸಿಗೆ ಅಂಗಡಿಯಲ್ಲೇ ತನಿಖೆ. ಇಡೀ ದಿನ ಬೂದಿ ಜರಡಿ ಹಿಡಿಯುವುದೇ ಆಯಿತು. ಉಗುರಿನೊಳಗೆಲ್ಲ ಮಸಿ. ಅಪ್ಪ ಮೊಣಕಾಲೂರಿ ನೆಲ ತೋರಿಸಿದರು, ಅಲ್ಲಲ್ಲಿ ನೀರು ನಿಂತ ಆಕಾರದಲ್ಲಿ ಸುಟ್ಟ ಗುರುತು. "ನೋಡು, ಇಲ್ಲಿ ಸುರಿದಿದ್ದಾರೆ." ನನಗೆ ಹಾಗನ್ನಿಸಲಿಲ್ಲ. ಪೇರಿಸಿಟ್ಟ ಸ್ಪಂಜು ಕರಗಿ, ತೊಟ್ಟಿಕ್ಕಿ, ನೆಲದ ಮೇಲೇ ಉರಿದರೂ ಇದೇ ಗುರುತು ಬೀಳುತ್ತದೆ. ಬೆಂಕಿ ಸ್ವಿಚ್‌ಬೋರ್ಡಿನ ಗೋಡೆಯಿಂದ ಶುರುವಾಗಿರಬಹುದು. ಹೇಳಿದೆ. ಅಪ್ಪ ಒಂದು ಚಿಟಿಕೆ ಬೂದಿ ಮೂಸಿದರು. "ಪೆಟ್ರೋಲು." ಮುಗಿಯಿತು.

ನಾನೂ ಮೂಸಿದೆ. ಬರೀ ಸುಟ್ಟ ಸ್ಪಂಜಿನ ನಾತ. ಇರಲಿ, ನನ್ನ ಮೂಗು ಇನ್ನೂ ಜೂನಿಯರ್. ಅಪ್ಪನಿಗೆ ಕೋರ್ಟಿನಲ್ಲಿ 'ಮೂಗು ಸಾಹೇಬರು' ಅಂತಲೇ ಹೆಸರು. ಅವರಿಗದು ಬೈಗುಳವಲ್ಲ, ಬಿರುದು.

ತಗಡಿನ ಡಬ್ಬಿಗಳಿಗೆ ಬೂದಿ, ನೆಲದ ಚೂರು ತುಂಬಿ ಬಿಗಿಯಾಗಿ ಮುಚ್ಚಿದೆವು. ಏನೂ ತುಂಬದ ಒಂದು ಡಬ್ಬಿಯನ್ನೂ ಲ್ಯಾಬಿಗೆ ಕಳಿಸಬೇಕು — ಡಬ್ಬಿಯೇ ಸ್ವಚ್ಛ ಇದೆಯೋ ಇಲ್ಲವೋ ತಿಳಿಯಲಿ ಅಂತ. ನಮ್ಮ ಕೆಲಸದ ನಿಯಮ. ನೆನಪಿಸಿದೆ. "ಗಾಳಿ ಪರೀಕ್ಷೆ ಮಾಡೋಕೆ ಲ್ಯಾಬಿನವರಿಗೇನು ಬೇರೆ ಕೆಲಸ ಇಲ್ವಾ?" ಅಂದರು ಅಪ್ಪ. ನಾನೂ ನಕ್ಕೆ, ಖಾಲಿ ಡಬ್ಬಿ ಕಳಿಸಲಿಲ್ಲ.

ಮಾರ್ಚ್ ೧೪

ಲ್ಯಾಬಿನಿಂದ ಬಂತು. ಪೆಟ್ರೋಲ್. ಎಲ್ಲ ಡಬ್ಬಿಯಲ್ಲೂ. ಅಪ್ಪ ಮೇಜಿನ ಮೇಲೆ ತಾಳ ಹಾಕಿದರು. "ಬೇಕರಿ ಕೇಸಿನ ಹಾಗೇ!" ಹೋದ ವರ್ಷ ನಮ್ಮ ಪೆಟ್ರೋಲ್ ವರದಿಯಿಂದಲೇ ಬೇಕರಿಯವನಿಗೆ ಜೈಲಾಯಿತಲ್ಲ, ಅಂದಿನಿಂದ ಇನ್ಶೂರೆನ್ಸ್ ಕಂಪನಿಗೆ ಅಪ್ಪ ಅಂದರೆ ಪ್ರಾಣ. ಬೇಕರಿಯವನು ಕೊನೆಯವರೆಗೂ ನಾನಲ್ಲ ಅಂದ. ಎಲ್ಲರೂ ಹಾಗೇ ಅನ್ನುತ್ತಾರೆ.

ಆದರೆ ಎಲ್ಲ ಡಬ್ಬಿಯಲ್ಲೂ ಅಂದರೆ... ಬಾಗಿಲ ಬಳಿಯದ್ದರಲ್ಲೂ. ಅದು ಹೋಲಿಕೆಗೆಂದು ಸುಡದ ಜಾಗದಿಂದ ತೆಗೆದದ್ದು. "ಅಂಗಡಿಯಮ್ಮ ಅಲ್ಲೂ ಸುರಿದಿದ್ದಾಳೆ, ಹೊತ್ತಿಲ್ಲ ಅಷ್ಟೆ" ಅಂದರು ಅಪ್ಪ. ಇದ್ದರೂ ಇರಬಹುದು.

ಮಾರ್ಚ್ ೧೬

ಅಂಗಡಿಯಮ್ಮನನ್ನು ಪೊಲೀಸರು ಕರೆದೊಯ್ದರು. ಆಕೆಯ ತಂಗಿ ಆಫೀಸಿಗೆ ಬಂದಿದ್ದಳು. ಬೈಯಲಿಲ್ಲ, ಅಳಲಿಲ್ಲ. "ಅಕ್ಕ ಗಾಡಿನೇ ಓಡಿಸಲ್ಲ ಮೇಡಂ. ಪೆಟ್ರೋಲ್ ಬಂಕ್ ಕಡೆ ತಲೆ ಹಾಕಿದೋಳಲ್ಲ. ಎಲ್ಲಿಂದ ತಂದ್ಳು ಅಂತ ನೀವಾದ್ರೂ ಕೇಳಿ." ಅದು ನಮ್ಮ ಕೆಲಸ ಅಲ್ಲ ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ವರದಿ ತಯಾರಿದೆ. ಇಬ್ಬರ ಸಹಿ ಬೇಕು. ಅಪ್ಪ ಹಾಕಿಯಾಯಿತು. ನನ್ನದು ನಾಳೆ.

ಮಾರ್ಚ್ ೧೭, ಬೆಳಿಗ್ಗೆ

ಸಹಿ ಹಾಕಲಿಲ್ಲ. ಯಾಕೆಂದು ಬರೆದಿಡುತ್ತೇನೆ, ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ.

ಸ್ನಾನ ಮುಗಿಸಿ ಬಂದೆ. ಮನೆ ತುಂಬ ಸೀದ ವಾಸನೆ. ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಕಪ್ಪಾಗಿದೆ. ಅಪ್ಪ ಒಲೆಗೆ ಬೆನ್ನು ಹಾಕಿ ಅಲ್ಲೇ ಪೇಪರ್ ಓದುತ್ತಿದ್ದಾರೆ. ಬೆಂಕಿಯ ತನಿಖೆಯಲ್ಲೇ ತಲೆ ನರೆತ ಮನುಷ್ಯ! ಒಲೆ ಆರಿಸಿದೆ. "ಏನಾಯ್ತು?" ಅಂದರು. ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಅಮ್ಮ ಪಾತ್ರೆ ತಿಕ್ಕಲು ಕೂತಳು. ನನ್ನ ಮುಖ ನೋಡಲೇ ಇಲ್ಲ.

"ಅಮ್ಮಾ, ಅಪ್ಪಂಗೆ ವಾಸನೆ ಬರಲ್ವಾ?"

"ಮೆಲ್ಲಗೆ ಮಾತಾಡೇ."

"ಯಾವಾಗಿಂದ?"

"ಆ ಕೆಟ್ಟ ಜ್ವರ ಬಂತಲ್ಲ, ಆಗಿಂದ. ಎರಡು ವರ್ಷದ ಹತ್ರ ಆಯ್ತೇನೋ. ಹೊಸ ಸೋಪು ತಂದು, ಹೇಗಿದೆ ರೀ ವಾಸನೆ ಅಂದೆ. ಘಮ್ ಅಂತಿದೆ ಅಂದ್ರು. ಅದು ವಾಸನೆ ಇಲ್ಲದ ಸೋಪು ಕಣೇ, ನನ್ನ ತುರಿಕೆಗೆ ಅಂತ ಡಾಕ್ಟ್ರು ಕೊಟ್ಟಿದ್ದು."

"ಗೊತ್ತಿದ್ದೂ ಸುಮ್ನಿದ್ಯಾ?"

"ಅವರಿಗೆ ಇರೋದೇ ಆ ಮೂಗು. ಅದೂ ಇಲ್ಲ ಅಂತ ನಾನು ಹೇಳ್ಲಾ?"

ಮೈಯೆಲ್ಲ ಉರಿಯಿತು. ಅಮ್ಮನ ಮೇಲೋ, ಅಪ್ಪನ ಮೇಲೋ, ಗೊತ್ತಿಲ್ಲ.

ಅದೇ ದಿನ, ಮಧ್ಯಾಹ್ನ

ಅಪ್ಪ ಮಲಗಿದ್ದಾಗ ವ್ಯಾನಿನ ಹಿಂಬಾಗಿಲು ತೆಗೆದೆ. ನಾನು ಯಾವಾಗಲೂ ಸ್ಕೂಟರಿನಲ್ಲಿ ಹೋಗುವವಳು. ವ್ಯಾನ್ ಅಪ್ಪನ ಸಾಮ್ರಾಜ್ಯ, ಸಾಮಾನು ಮುಟ್ಟಿದರೆ ಗದರುತ್ತಾರೆ. ಪೆಟ್ರೋಲ್ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ದೀಪಕ್ಕೆಂದು ಇಟ್ಟಿರುವ ಜನರೇಟರ್, ಪಕ್ಕದಲ್ಲಿ ಅದರ ಪೆಟ್ರೋಲ್ ಕ್ಯಾನು. ಕ್ಯಾನಿನ ಮುಚ್ಚಳದ ಸುತ್ತ ಒದ್ದೆ. ವಾಷರ್ ಬಿರುಕು ಬಿಟ್ಟಿದೆ. ಅದಕ್ಕೆ ಅಂಟಿಕೊಂಡೇ ಹೊಸ ಡಬ್ಬಿಗಳ ಸಾಲು. ಮುಚ್ಚಳವೇ ಇಲ್ಲ, ಎಲ್ಲ ಬಾಯಿ ತೆರೆದುಕೊಂಡು ನಿಂತಿವೆ. ಕೈಗೆ ಬೇಗ ಸಿಗಲಿ ಅಂತ ಅಪ್ಪನ ಪದ್ಧತಿ. ಅವತ್ತು ಅಂಗಡಿಯಲ್ಲಿ ಸುಟ್ಟ ಸ್ಪಂಜಿನ ನಾತದ ನಡುವೆ ಡಬ್ಬಿಯ ವಾಸನೆ ನನಗೂ ಗೊತ್ತಾಗಿರಲಿಲ್ಲ.

ಹಿಂದೊಮ್ಮೆ, ವ್ಯಾನಿನಲ್ಲಿ ವಾಸನೆ ಅಲ್ವಾ ಅಂದಿದ್ದೆ. "ಜನರೇಟರ್ ಇದ್ಮೇಲೆ ವಾಸನೆ ಇರಲ್ವಾ?" ಅಂದಿದ್ದರು. ಅದೂ ಸರಿಯೇ ಅಂದುಕೊಂಡಿದ್ದೆ.

ಒಂದು ಡಬ್ಬಿ ತೆಗೆದೆ. ಏನೂ ತುಂಬದೆ ಮುಚ್ಚಿ, ಮೇಲೆ 'ಖಾಲಿ' ಅಂತ ಬರೆದು ಲ್ಯಾಬಿಗೆ ಕೊಟ್ಟು ಬಂದೆ. ಅಪ್ಪನಿಗೆ ಹೇಳಿಲ್ಲ. ಸ್ವಂತ ಮನೆಯಲ್ಲೇ ಕಳ್ಳಿಯ ಹಾಗೆ.

ಮಾರ್ಚ್ ೨೦

ಇನ್ಶೂರೆನ್ಸ್ ಕಂಪನಿಯ ಲಾಯರ್ ಫೋನ್. "ಮೇಡಂ, ನಿಮ್ಮ ಸಹಿಗೆ ಕಾಯ್ತಾ ಇದೀವಿ." ಒಂದು ವೇಳೆ ವರದಿ ತಪ್ಪಾದರೆ? ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ನೋಡಿ, ಎಲ್ಲ ನಿಯಮ ಪಾಲಿಸಿಯೂ ತಪ್ಪಾದ್ರೆ ಅದು ಬೇರೆ. ಮಾಡಬೇಕಾದ್ದನ್ನ ಮಾಡದೇ ಬಿಟ್ಟಿದ್ರೆ ಆಯಮ್ಮ ನಿಮ್ಮ ತಂದೆ ಮೇಲೇ ಕೇಸ್ ಹಾಕಬಹುದು. ಸಹಿ ಇದ್ರೆ ನಿಮ್ಮ ಮೇಲೂ. ಯಾಕೆ, ಏನಾದ್ರೂ ಇದೆಯಾ?"

ಇಲ್ಲ ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

ಅಪ್ಪ ಮುಖ ಊದಿಸಿಕೊಂಡಿದ್ದಾರೆ. "ನನ್ ಮೇಲೆ ನಂಬಿಕೆ ಇಲ್ವಾ ನಿಂಗೆ?" ಚಿಕ್ಕವಳಿದ್ದಾಗ ನನ್ನ ಕಣ್ಣು ಮುಚ್ಚಿಸಿ, ಸುಟ್ಟ ಹತ್ತಿ ಯಾವುದು, ಸುಟ್ಟ ಉಣ್ಣೆ ಯಾವುದು ಅಂತ ಆಟ ಆಡಿಸುತ್ತಿದ್ದರು. ಗೆದ್ದರೆ ಚಾಕಲೇಟು. ಸೋತರೂ ಚಾಕಲೇಟು. ಅಪ್ಪ ಅಂದರೆ ನನಗೆ ತುಂಬ ಇಷ್ಟ. ತೊಂದರೆಯೇ ಅದು.

ಮಾರ್ಚ್ ೨೨

ಒಬ್ಬಳೇ ಹಾಸಿಗೆ ಅಂಗಡಿಗೆ ಹೋದೆ. ಅಂಗಡಿಯಮ್ಮನ ತಂಗಿ ಹೊರಗೆ ಶಟರ್ ಉಜ್ಜುತ್ತಿದ್ದಳು. ಯಾರೋ ಬಣ್ಣದಲ್ಲಿ 'ಬೆಂಕಿ ಇಟ್ಟವಳು' ಅಂತ ಬರೆದಿದ್ದಾರೆ. ಅರ್ಧ ಅಳಿಸಿತ್ತು. ನನ್ನನ್ನು ನೋಡಿ ಪಕ್ಕಕ್ಕೆ ಸರಿದಳು. ಬೈದಿದ್ದರೇ ಚೆನ್ನಾಗಿತ್ತು.

ಒಳಗೆ ಸ್ವಿಚ್‌ಬೋರ್ಡ್ ಕಳಚಿ ನೋಡಲು ಕೈ ತುರಿಸಿತು. ಮುಟ್ಟಲಿಲ್ಲ. ಎರಡೂ ಕಡೆಯವರು ಎದುರಿಗಿಲ್ಲದೆ ಕಳಚಿದರೆ ಸಾಕ್ಷ್ಯ ಕೆಡಿಸಿದ ಹಾಗೆ. ಇದನ್ನೂ ಹೇಳಿಕೊಟ್ಟವರು ಅಪ್ಪನೇ.

ಮಾರ್ಚ್ ೨೬

ಲ್ಯಾಬಿನವಳು ಫೋನ್ ಮಾಡಿದಳು. "ಖಾಲಿ ಅಂತ ಬರೆದಿದ್ದೀರಲ್ಲ ಮೇಡಂ, ಅದರಲ್ಲೂ ಪೆಟ್ರೋಲ್ ಇದೆ."

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಕೂಗಾಡಿದರು. ಬೆನ್ನಿಗೆ ಚೂರಿ ಹಾಕಿದೆ ಅಂದರು. "ನೀನು ಹುಟ್ಟೋಕೆ ಮುಂಚಿಂದ ಈ ಕೆಲಸ ಮಾಡ್ತಿದೀನಿ! ನಂಗೆ ಬುದ್ಧಿ ಹೇಳ್ತೀಯಾ?" ಅಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು.

"ರೀ, ಆ ಸೋಪಿಗೆ ವಾಸನೆ ಇರಲಿಲ್ಲ."

ಅಪ್ಪ ಅಮ್ಮನ ಕಡೆ ತಿರುಗಿದರು. ಆಮೇಲೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರ್ಚ್ ೨೯

ಅಪ್ಪ ಊಟಕ್ಕೆ ಮಾತ್ರ ರೂಮಿನಿಂದ ಬರುತ್ತಾರೆ. ಅಂಗಡಿಯಮ್ಮ ಇನ್ನೂ ಒಳಗೇ. ನಾಳೆ ಲಾಯರ್ ಹತ್ತಿರ ಹೋಗಿ ನಾನೇ ಹೇಳಿಬಿಡುತ್ತೇನೆ. ಅಪ್ಪನ ಕೆಲಸ ಹೋಗುತ್ತದೆ. ಇಷ್ಟು ವರ್ಷದ ಹೆಸರೂ ಹೋಗುತ್ತದೆ, ಅದೂ ಮಗಳ ಕೈಯಿಂದ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ ೩೦, ಬೆಳಿಗ್ಗೆ — ಲಾಯರ್ ಆಫೀಸಿನ ಎದುರು, ವ್ಯಾನಿನಲ್ಲಿ

ಸ್ಕೂಟರ್ ತೆಗೆಯುವಾಗ ಅಪ್ಪ ಬಂದರು. ಕೋರ್ಟಿಗೆ ಹಾಕುವ ಕೋಟು. ಕೈಯಲ್ಲಿ ವ್ಯಾನಿನ ಒಂದು ಡಬ್ಬಿ. ನನ್ನ ಮೂಗಿನ ಹತ್ತಿರ ಹಿಡಿದರು.

"ಬರ್ತಿದೆಯಾ?"

"ಬರ್ತಿದೆ ಅಪ್ಪ."

"ಜೋರಾಗಿ?"

"ಹೂಂ. ಜೋರಾಗೇ."

ತಾವೂ ಮೂಸಿದರು. ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು. ತಲೆ ಅಲ್ಲಾಡಿಸಿದರು. "ನಾನೇ ಹೇಳ್ತೀನಿ ಅವರಿಗೆ. ನೀನು ವ್ಯಾನ್ ಓಡಿಸು ಪುಟ್ಟಿ." ಕೀ ಕೊಟ್ಟರು. ಈವರೆಗೆ ಒಂದು ಸಲವೂ ಕೊಟ್ಟವರಲ್ಲ.

ಅರ್ಧ ದಾರಿ ಹೇಗೆ ಕಳೆಯಿತೋ. ಮನಸ್ಸು ಹಗುರವಾಗಿತ್ತು. ಅಂಗಡಿಯಮ್ಮ ಮನೆಗೆ ಹೋಗುತ್ತಾಳೆ, ಮೊದಲು ತಂಗಿಗೆ ಫೋನ್ ಮಾಡಬೇಕು ಅಂತೆಲ್ಲ ಯೋಚನೆ. ಅಪ್ಪ ಕಿಟಕಿ ಇಳಿಸಿಕೊಂಡು ಕೂತಿದ್ದರು. ಸಿಗ್ನಲ್ಲಿನಲ್ಲಿ ಕೇಳಿದರು:

"ಜನರೇಟರ್ ತಂದ ಮೇಲೆ ಮೊದಲ್ನೇ ಸಲ ಎಲ್ಲಿಗೆ ತಗೊಂಡು ಹೋದ್ವಿ, ನೆನಪಿದೆಯಾ?"

ನೆನಪಿತ್ತು. ಬೇಕರಿಗೆ. ಹಸಿರು ಬಿತ್ತು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಆಮೇಲೆ ಗೇರ್ ಹಾಕಿದೆ.

ಈಗ ಒಳಗೆ ಹೋಗಬೇಕು. ಅಪ್ಪ ಆಗಲೇ ಮೆಟ್ಟಿಲು ಹತ್ತುತ್ತಿದ್ದಾರೆ. ಆ ಬೇಕರಿಯವನು ಕೊನೆಯವರೆಗೂ —